ಪೆಟ್ಟಿಗೆ ಅಲ್ಲಾಡಬೇಕೋ ಬೇಡವೋ: ಸ್ಪೀಕರ್ ಕಂಪನಿಗಳ ಜಗಳ ಮತ್ತು ನಮ್ಮ ಟೈಲ್ಸ್ ಹಾಲ್

(ಇದು ನಮ್ಮ ಚಾನೆಲ್‌ನ ಈ ವಾರದ ಮಾತಿನ ಬರಹರೂಪ. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಬೋರ್ಡ್ ಮೇಲೆ ಬರೆದ ಲೆಕ್ಕಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)



ಸೂರತ್‌ನ ವೇಸು ಕಡೆ ಇರುವ ಗೆಳೆಯರೊಬ್ಬರು ಕೇಳಿದ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಅವರಿಗೆ ಈ ವರ್ಷ ಬೋನಸ್ ಬಂದಿದೆ. ಮನೆಯವರ ಒಪ್ಪಿಗೆಯೂ ಸಿಕ್ಕಿದೆ, ಇದು ಬೋನಸ್‌ಗಿಂತ ಅಪರೂಪ. ಸ್ಪೀಕರ್‌ಗೆ ಅಂತ ಮೂರು ಲಕ್ಷ ಎತ್ತಿಟ್ಟಿದ್ದಾರೆ. ಎರಡು ತಿಂಗಳಿಂದ ರಿವ್ಯೂ ಓದಿ ಓದಿ ತಲೆ ಕೆಟ್ಟುಹೋಗಿದೆ. ಒಬ್ಬ ತಯಾರಕ ಪೆಟ್ಟಿಗೆ ಬಂಡೆಗಲ್ಲಿನ ಹಾಗೆ ಅಲ್ಲಾಡದೆ ಇರಬೇಕು ಅಂತಾನೆ. ಇನ್ನೊಬ್ಬ ಪೆಟ್ಟಿಗೆ ಸ್ವಲ್ಪ ಅಲ್ಲಾಡಲಿ ಬಿಡಿ ಅಂತಾನೆ. ಮೂರನೆಯವನು ಪೆಟ್ಟಿಗೆಯೇ ಬೇಡ ಅಂತಾನೆ. ಮೂವರೂ ಹತ್ತಾರು ವರ್ಷಗಳಿಂದ ಅಂಗಡಿ ನಡೆಸ್ತಾ ಇದ್ದಾರೆ, ಮೂವರಿಗೂ ಭಕ್ತರಿದ್ದಾರೆ. "ಇದರಲ್ಲಿ ಸುಳ್ಳು ಹೇಳ್ತಿರೋದು ಯಾರು ಸಾರ್?" ಅಂತ ಅವರ ಪ್ರಶ್ನೆ.

ಯಾರೂ ಸುಳ್ಳು ಹೇಳ್ತಾ ಇಲ್ಲ. ಸ್ಪೀಕರ್ ಅನ್ನೋದು ಪೂರ್ತಿ ಬಗೆಹರಿಯದ ಲೆಕ್ಕ. ಒಂದು ಕಡೆ ತಪ್ಪು ಒತ್ತಿದ್ರೆ ಇನ್ನೊಂದು ಕಡೆ ತಲೆ ಎತ್ತುತ್ತೆ. ಹಾಗಾಗಿ ಪ್ರತಿ ತಯಾರಕನೂ ಈ ತಪ್ಪನ್ನ ಸಹಿಸ್ಕೋತೀನಿ, ಆ ತಪ್ಪನ್ನ ಸಹಿಸಲ್ಲ ಅಂತ ಒಂದು ತೀರ್ಮಾನ ಮಾಡಿಕೊಂಡಿರ್ತಾನೆ. ಆ ತೀರ್ಮಾನದ ಹಿಂದೆ ಅವನ ತಲೆಯಲ್ಲಿ ಒಂದು ಕೋಣೆ ಇರುತ್ತೆ. ಕಾರ್ಪೆಟ್ ಹಾಸಿದ ಇಂಗ್ಲಿಷ್ ಮನೆಯೋ, ಮರದ ಗೋಡೆಯ ದೊಡ್ಡ ಅಮೆರಿಕನ್ ಮನೆಯೋ, ಇಲ್ಲಾ ರೇಡಿಯೋ ಸ್ಟೇಷನ್ನಿನ ಒಂದು ವ್ಯಾನೋ. ನಮ್ಮ ಅಹಮದಾಬಾದ್ ಫ್ಲ್ಯಾಟಿನ ಹಾಲ್ ಅವರಲ್ಲಿ ಯಾರ ತಲೆಯಲ್ಲೂ ಇರಲಿಲ್ಲ.

ಇದನ್ನ ನಾನು ಪುಸ್ತಕ ಓದಿ ಕಲಿತದ್ದಲ್ಲ, ದುಡ್ಡು ಕೊಟ್ಟು ಕಲಿತೆ. ಕೆಲವು ವರ್ಷದ ಹಿಂದೆ ಒಂದು ಶೋರೂಮಿಗೆ ಹೋಗಿ, ಸೊಂಟದೆತ್ತರದ ಒಂದು ಜೋಡಿ ಕೇಳಿ, ಅಲ್ಲೇ ಮನಸೋತು ಮನೆಗೆ ತಂದೆ. ಶೋರೂಮಿನಲ್ಲಿ ದಪ್ಪ ಕಾರ್ಪೆಟ್, ಗೋಡೆಗೆಲ್ಲ ಬಟ್ಟೆಯ ಪ್ಯಾನೆಲ್. ಮನೆಯಲ್ಲಿ ಮೊರ್ಬಿಯ ಹೊಳೆಯುವ ಟೈಲ್ಸ್, ಬರಿ ಗೋಡೆ, ಒಂದು ಕಡೆ ಅಗಲದ ಗಾಜಿನ ಸ್ಲೈಡಿಂಗ್ ಬಾಗಿಲು. ಚಳಿಗಾಲಕ್ಕೆ ಅಪ್ಪ ಧಾರವಾಡದಿಂದ ಬಂದ್ರು. ಅವರ ಹತ್ರ ಒಂದು ಹಳೇ ಕ್ಯಾಸೆಟ್ ಇದೆ. 80ರ ದಶಕದಲ್ಲಿ ಪರಿಚಯದವರ ಮನೆಯಲ್ಲಿ ನಡೆದ ಬೈಠಕ್ ಒಂದನ್ನ ಅವರೇ ಕೂತು ಟೇಪ್ ಮಾಡಿಕೊಂಡಿದ್ದು. ಅದನ್ನ ಡಿಜಿಟಲ್ ಮಾಡಿಸಿ, ಹೊಸ ಸ್ಪೀಕರ್‌ನಲ್ಲಿ ಹಾಕಿ, ಹೆಮ್ಮೆಯಿಂದ ಅವರ ಮುಖ ನೋಡಿದೆ. ಎರಡು ನಿಮಿಷ ಸುಮ್ಮನೆ ಕೇಳಿ ಅಪ್ಪ ಅಂದ್ರು: "ಇದು ಅವರ ದನಿ ಅಲ್ಲೋ ತಮ್ಮಾ. ಹಂಡೇದಾಗ ಕುಂತು ಹಾಡಿದಂಗ ಆಗೇದ."

ಅಪ್ಪನಿಗೆ ಆಡಿಯೋ ಗೊತ್ತಿಲ್ಲ. ಆದ್ರೆ ಅವರು ಆ ದಿನ ಆ ಕೋಣೆಯಲ್ಲಿದ್ರು, ಗಾಯಕರಿಂದ ಐದಾರು ಅಡಿ ದೂರದಲ್ಲಿ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾರಿಗಿದೆ? ಆ ಹಂಡೆ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋಗಿದ್ದೇ ಈ ಮಾತಿನ ಮೂಲ.

ಸ್ಪೀಕರ್‌ಗೆ ಹೋಗೋ ಮುಂಚೆ ನಮ್ಮೂರಿನ ಎರಡು ಕಟ್ಟಡ ನೆನಪಿಸ್ಕೊಳ್ಳಿ. ಆಶ್ರಮ ರಸ್ತೆಯಲ್ಲಿ ಲೆ ಕಾರ್ಬೂಸಿಯೆ ಕಟ್ಟಿದ ಮಿಲ್ ಮಾಲೀಕರ ಸಂಘದ ಕಟ್ಟಡ ಇದೆ, 1954ರದ್ದು. ಬರಿ ಕಾಂಕ್ರೀಟ್, ಬಿಸಿಲು ತಡೆಯೋಕೆ ಓರೆಯಾಗಿ ನಿಲ್ಲಿಸಿದ ಹಲಗೆಯಂಥ ಗೋಡೆಗಳು. ವಸ್ತ್ರಾಪುರದಲ್ಲಿ ಲೂಯಿ ಕಾನ್ 1962ರಲ್ಲಿ ಶುರು ಮಾಡಿದ ಐಐಎಂ ಇದೆ. ದಪ್ಪ ಇಟ್ಟಿಗೆ, ದೊಡ್ಡ ದೊಡ್ಡ ಕಮಾನು, ಆಳದ ನೆರಳು. ಅದೇ ಊರು, ಅದೇ ಮೇ ತಿಂಗಳ ಬಿಸಿಲು, ಎರಡು ಬೇರೆ ಉತ್ತರ. ಇನ್ನೂ ಒಂದು ಸ್ವಾರಸ್ಯ ಅಂದ್ರೆ, ಇದೇ ಕಾರ್ಬೂಸಿಯೆ ಆಫೀಸು 1958ರ ಬ್ರಸೆಲ್ಸ್ ಮೇಳಕ್ಕೆ ಫಿಲಿಪ್ಸ್ ಕಂಪನಿಗಾಗಿ ಒಂದು ಪೆವಿಲಿಯನ್ ಮಾಡ್ತು. ಅದರ ಬಾಗಿದ ಗೋಡೆಗಳನ್ನ ರೂಪಿಸಿದವರು ಅವರ ಹತ್ರ ಕೆಲಸ ಮಾಡ್ತಿದ್ದ ಕ್ಸೆನಾಕಿಸ್, ಆಮೇಲೆ ದೊಡ್ಡ ಸಂಗೀತ ಸಂಯೋಜಕರಾದ್ರು. ಆ ಗೋಡೆಗಳ ಒಳಮೈಗೆ ನೂರಾರು ಸ್ಪೀಕರ್ ಹಚ್ಚಿ, ಶಬ್ದ ಗೋಡೆಯ ಮೇಲೆ ಓಡಾಡೋ ಹಾಗೆ ಮಾಡಿದ್ರು. ಅಲ್ಲಿ ಕೋಣೆಯೂ ಸ್ಪೀಕರೂ ಒಂದೇ ಕೈಯಿಂದ ಬಂದಿದ್ವು. ನಮ್ಮ ಮನೆಯಲ್ಲಿ ಕೋಣೆ ಬಿಲ್ಡರ್‌ದು, ಸ್ಪೀಕರ್ ಇನ್ಯಾರದೋ ದೇಶದ್ದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ.

ಸರಿ, ಈಗ ಲೆಕ್ಕ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್ ಹೋಗುತ್ತೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. 20 ಹರ್ಟ್ಜ್‌ನ ಒಂದು ಅಲೆ 17 ಮೀಟರ್ ಉದ್ದ, ಅಂದ್ರೆ ಬಸ್ಸಿಗಿಂತ ಉದ್ದ. 20,000 ಹರ್ಟ್ಜ್‌ನ ಅಲೆ 1.7 ಸೆಂಟಿಮೀಟರ್, ಹೆಬ್ಬೆರಳಿನ ಉಗುರಿನಷ್ಟು. ಇವೆರಡನ್ನೂ ಒಂದೇ ಕೋನ್ ಹೊರಡಿಸಬೇಕು ಅಂದ್ರೆ ಕಷ್ಟ. ದೊಡ್ಡ ಕೋನ್ ಮೇಲಿನ ಸ್ವರಗಳನ್ನ ಟಾರ್ಚ್ ಬೆಳಕಿನ ಹಾಗೆ ಎದುರಿಗೆ ಮಾತ್ರ ಹೊಡೆಯುತ್ತೆ. ಸಣ್ಣದು ಕೆಳಗಿನ ಸ್ವರಕ್ಕೆ ಬೇಕಾದಷ್ಟು ಗಾಳಿ ತಳ್ಳಲ್ಲ. ಅದಕ್ಕೇ ವೂಫರ್, ಟ್ವೀಟರ್ ಅಂತ ಕೆಲಸ ಹಂಚಿ, ನಡುವೆ ಕ್ರಾಸ್‌ಓವರ್ ಇಡೋದು. ನಮ್ಮ ಭಾಷೆಯಲ್ಲಿ ಹೇಳಿದ್ರೆ ಮಾನೋಲಿತ್ ಒಡೆದು ಮೈಕ್ರೋಸರ್ವೀಸ್ ಮಾಡಿದ ಹಾಗೆ. ಒಡೆದ ತಕ್ಷಣ ಯಾವ ಹೊಸ ತೊಂದರೆ ಶುರುವಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ: ಇಬ್ಬರ ನಡುವಿನ ಟೈಮಿಂಗ್.

ಒಡೆಯೋದೇ ಬೇಡ ಅನ್ನೋರೂ ಇದ್ದಾರೆ. ನಮ್ಮ ದೇಶದ ಉದಾಹರಣೆಯೇ ಇದೆ. ಕೊಚ್ಚಿಯಲ್ಲಿ ಜೇಕಬ್ ಜಾರ್ಜ್ ಅನ್ನೋ ಆರ್ಕಿಟೆಕ್ಟ್ ಕಟ್ಟಿದ ರೆಥಮ್ ಕಂಪನಿ. ಮನುಷ್ಯನ ದನಿ, ತಂತಿ, ಮೇಲಿನ ಸ್ವರ ಎಲ್ಲವನ್ನೂ ಒಂದೇ ಹಗುರವಾದ ಕೋನ್‌ಗೆ ಕೊಟ್ಟು, ಅದರ ದಾರಿಯಲ್ಲಿ ಕ್ರಾಸ್‌ಓವರ್ ಬರದ ಹಾಗೆ ನೋಡಿಕೊಳ್ತಾರೆ. ಕೆಳಗಿನ ಬೇಸ್‌ಗೆ ಮಾತ್ರ ಬೇರೆ ವ್ಯವಸ್ಥೆ. ಇಂಥ ಸ್ಪೀಕರ್ ದನಿಯನ್ನ ಒಂದೇ ಬಾಯಿಂದ ಬಂದ ಹಾಗೆ ಕೊಡುತ್ತೆ. ಬದಲಿಗೆ ಅಲ್ಲಲ್ಲಿ ಏರಿಳಿತ ಇರುತ್ತೆ, ಕೂರೋ ಜಾಗ ಸ್ವಲ್ಪ ಬದಲಾದ್ರೂ ಗೊತ್ತಾಗುತ್ತೆ. ಆ ತಪ್ಪನ್ನ ಅವರು ಗೊತ್ತಿದ್ದೇ ಒಪ್ಪಿಕೊಂಡಿದ್ದಾರೆ.

ಈಗ ಪೆಟ್ಟಿಗೆ. ನಿಜವಾದ ಜಗಳ ಇರೋದು ಇಲ್ಲೇ.

ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದುಗಡೆ ಅಷ್ಟೇ ಎಳೆಯುತ್ತೆ. ಹಿಂದಿನ ಶಬ್ದ ಮುಂದಿನದ್ದಕ್ಕೆ ಉಲ್ಟಾ. ಎರಡೂ ಸೇರಿದ್ರೆ ಬೇಸ್ ಸತ್ತುಹೋಗುತ್ತೆ. ಅದಕ್ಕೇ ಹಿಂದೆ ಪೆಟ್ಟಿಗೆ ಬೇಕು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತಮ್ಮ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಆರ್-1 ಸ್ಪೀಕರ್‌ನಲ್ಲಿ ಸಣ್ಣ ಪೆಟ್ಟಿಗೆಯನ್ನ ಪೂರ್ತಿ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿದ್ರು. ಅಲ್ಲಿವರೆಗೆ ಒಳ್ಳೇ ಬೇಸ್ ಬೇಕಂದ್ರೆ ಅಲಮಾರಿಯಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಇದಾದ ಮೇಲೆ ಕಪಾಟಿನ ಮೇಲೆ ಇಡೋ ಸ್ಪೀಕರ್ ಸಾಧ್ಯ ಆಯ್ತು. ಆಮೇಲೆ ಆಸ್ಟ್ರೇಲಿಯಾದ ನೆವಿಲ್ ಥೀಲ್, ರಿಚರ್ಡ್ ಸ್ಮಾಲ್ ಇಬ್ಬರ ಗಣಿತದಿಂದ, ಪೆಟ್ಟಿಗೆಗೆ ತೂತು ಕೊಟ್ಟು ಬೇಸ್ ಹೆಚ್ಚಿಸೋದನ್ನ ಊಹೆ ಬಿಟ್ಟು ಲೆಕ್ಕದಿಂದ ಮಾಡೋಕೆ ಆಯ್ತು. ಇವತ್ತು ಅಂಗಡಿಯಲ್ಲಿ ಸಿಗೋ ಬಹಳಷ್ಟು ಸ್ಪೀಕರ್ ಆ ತೂತಿನವೇ. ನಾನು ತಂದ ಜೋಡಿಯೂ.

ಆದ್ರೆ ಪೆಟ್ಟಿಗೆಯ ಹಲಗೆಯೂ ನಡುಗುತ್ತೆ, ತಾನೂ ಹಾಡುತ್ತೆ. ಇದಕ್ಕೆ ಏನು ಮಾಡೋದು?

ಇಂಗ್ಲೆಂಡಿನ ಬೋವರ್ಸ್ ಅಂಡ್ ವಿಲ್ಕಿನ್ಸ್, 1966ರಲ್ಲಿ ವರ್ದಿಂಗ್ ಅನ್ನೋ ಊರಲ್ಲಿ ಶುರುವಾದ ಕಂಪನಿ, ನಡುಗೋಕೆ ಬಿಡಬೇಡಿ ಅಂತು. 80ರ ದಶಕದಲ್ಲಿ ಪೆಟ್ಟಿಗೆಯ ಒಳಗೆ ಮೊಟ್ಟೆಯ ಟ್ರೇ ಥರ ಅಡ್ಡಡ್ಡ ಹಲಗೆ ಜೋಡಿಸಿ ಅದಕ್ಕೆ ಮ್ಯಾಟ್ರಿಕ್ಸ್ ಅಂತ ಹೆಸರಿಟ್ಟರು. 1993ರಲ್ಲಿ ಅವರ ಎಂಜಿನಿಯರ್ ಲಾರೆನ್ಸ್ ಡಿಕ್ಕಿ ನಾಟಿಲಸ್ ಮಾಡಿದ್ರು. ಶಂಖದ ಹಾಗಿರೋ ಅದರ ಚಿತ್ರ ನೀವು ನೋಡಿರ್ತೀರಿ. ಅದು ಶೋಕಿಯ ಆಕಾರ ಅನ್ಕೊಳ್ಳಬೇಡಿ. ಪ್ರತಿ ಡ್ರೈವರ್ ಹಿಂದೆ ಉದ್ದಕ್ಕೆ ಸಣ್ಣದಾಗ್ತಾ ಹೋಗೋ ಕೊಳವೆ, ಹಿಂದಿನ ಶಬ್ದ ಅದರೊಳಗೆ ಹೋಗಿ ಹೋಗಿ ಅಲ್ಲೇ ಸಾಯುತ್ತೆ. ಅಮೆರಿಕದ ಮ್ಯಾಜಿಕೋ ಇನ್ನೂ ಮುಂದೆ ಹೋಗಿ ಅಲ್ಯುಮಿನಿಯಂನಲ್ಲಿ ಮುಚ್ಚಿದ ಪೆಟ್ಟಿಗೆ ಕಟ್ಟುತ್ತೆ. ಒಂದೊಂದು ಸ್ಪೀಕರ್ ಎತ್ತೋಕೆ ನಾಲ್ಕು ಜನ ಬೇಕು. ಗಟ್ಟಿ ಮಾಡಿದಷ್ಟೂ ಹಲಗೆಯ ನಡುಕ ಕಡಿಮೆಯಾಗುತ್ತೆ, ಉಳಿದದ್ದು ಮೇಲಿನ ಸ್ವರಗಳ ಕಡೆ ಜಾರುತ್ತೆ.

ಇದಕ್ಕೆ ಉಲ್ಟಾ ಯೋಚನೆ ಬಿಬಿಸಿಯದ್ದು. ಅವರ ಸಂಶೋಧನಾ ವಿಭಾಗದಲ್ಲಿ ಡಡ್ಲಿ ಹಾರ್ವುಡ್ ಅಂತ ಒಬ್ಬರಿದ್ರು. ಅವರ ವಾದ ಹೀಗೆ: ಪೆಟ್ಟಿಗೆಯ ನಡುಕವನ್ನ ಪೂರ್ತಿ ನಿಲ್ಲಿಸೋಕೆ ಆಗಲ್ಲ. ಹಾಗಾದ್ರೆ ಅದನ್ನ ಕಿವಿ ಹೆಚ್ಚು ಗಮನ ಕೊಡದ ಜಾಗಕ್ಕೆ ಕಳಿಸಿಬಿಡಿ. ತೆಳುವಾದ ಬರ್ಚ್ ಪ್ಲೈವುಡ್, ಅದರ ಒಳಮೈಗೆ ಭಾರವಾದ ಬಿಟುಮೆನ್ ಹಾಳೆ. ಆಗ ನಡುಕ ಕೆಳಗಿನ ಸ್ವರಗಳ ಕಡೆ ಇಳಿಯುತ್ತೆ, ಬೇಗ ಸಾಯುತ್ತೆ. ಮನುಷ್ಯನ ದನಿ ಇರೋ ನಡುವಿನ ಜಾಗ ಸ್ವಚ್ಛ ಉಳಿಯುತ್ತೆ. ಬಿಬಿಸಿಗೆ ದನಿಯೇ ಮುಖ್ಯ. ಸುದ್ದಿ ಓದೋರ ಮಾತು ಸರಿಯಾಗಿ ಬರ್ತಿದೆಯೋ ಇಲ್ವೋ ಅಂತ ಎಂಜಿನಿಯರ್ ತೀರ್ಮಾನ ಮಾಡಬೇಕು. ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಇಡೋಕೆ ಅಂತ 70ರ ದಶಕದಲ್ಲಿ ಅವರು ಮಾಡಿದ ಎಲ್‌ಎಸ್ 3/5ಎ ಇವತ್ತಿಗೂ ದಂತಕಥೆ. ಶೂ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಪೂರ್ತಿ ಮುಚ್ಚಿದ ಪೆಟ್ಟಿಗೆ. ಹಾರ್ವುಡ್ 1977ರಲ್ಲಿ ಹೊರಗೆ ಬಂದು ಹಾರ್ಬೆತ್ ಶುರು ಮಾಡಿದ್ರು. ಅವರ ಹೆಸರಿನ ಅರ್ಧ, ಹೆಂಡತಿ ಎಲಿಜಬೆತ್ ಹೆಸರಿನ ಅರ್ಧ.

ಅಂದ್ರೆ ನೋಡಿ, ಗಟ್ಟಿ ಪೆಟ್ಟಿಗೆಯವರೂ ತೆಳು ಪೆಟ್ಟಿಗೆಯವರೂ ಒಂದೇ ಬಗ್ ನೋಡಿದ್ದಾರೆ. ಒಬ್ಬರು ಅದನ್ನ ಮೇಲಕ್ಕೆ ತಳ್ಳಿದ್ರು, ಇನ್ನೊಬ್ಬರು ಕೆಳಕ್ಕೆ. ನನ್ನ ಸ್ವಂತ ಅಭಿಪ್ರಾಯ ಕೇಳಿದ್ರೆ, ನಾವು ಹೆಚ್ಚಾಗಿ ಕೇಳೋದು ಗಾಯನ, ಹಾಗಾಗಿ ಬಿಬಿಸಿ ವಾದ ನನಗೆ ಹತ್ತಿರ. ಮೆಟಲ್ ಬ್ಯಾಂಡ್ ಕೇಳೋರಿಗೆ ಇದು ಒಪ್ಪಿಗೆ ಆಗಬೇಕಾಗಿಲ್ಲ.

ಪೆಟ್ಟಿಗೆಯೇ ಬೇಡ ಅಂದವರಲ್ಲಿ ದೊಡ್ಡ ಹೆಸರು ಕ್ವಾಡ್ ಕಂಪನಿಯ ಪೀಟರ್ ವಾಕರ್. 1957ರಲ್ಲಿ ಅವರು ಮಾರುಕಟ್ಟೆಗೆ ತಂದದ್ದು ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್. ನೋಡೋಕೆ ರೂಮ್ ಹೀಟರ್ ಥರ. ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ, ಅದಕ್ಕೆ ಸಾವಿರಾರು ವೋಲ್ಟ್. ಎರಡು ಕಡೆಯ ಜಾಲರಿಯ ನಡುವೆ ಅದು ಪೂರ್ತಿ ಒಟ್ಟಿಗೆ ಅಲ್ಲಾಡುತ್ತೆ. ಪೆಟ್ಟಿಗೆ ಇಲ್ಲ, ಹಾಗಾಗಿ ಪೆಟ್ಟಿಗೆಯ ದನಿಯೂ ಇಲ್ಲ. ಅಮೆರಿಕದ ಮ್ಯಾಗ್ನೆಪಾನ್ 1969ರಿಂದ ಇಂಥದ್ದೇ ಬಾಗಿಲಿನಂಥ ಸ್ಪೀಕರನ್ನ ಅಯಸ್ಕಾಂತದಿಂದ ಮಾಡ್ತಾ ಬಂದಿದೆ. ಇದರಲ್ಲಿ ದನಿ ಕೇಳಿದವರಿಗೆ ಬೇರೆ ಯಾವುದೂ ರುಚಿಸಲ್ಲ ಅಂತಾರೆ, ಅದು ಅತಿಶಯೋಕ್ತಿ ಅಲ್ಲ. ಬೆಲೆ ಏನಂದ್ರೆ, ಬೇಸ್ ಕಡಿಮೆ. ಹಿಂದಕ್ಕೂ ಅಷ್ಟೇ ಶಬ್ದ ಹೋಗೋದ್ರಿಂದ ಗೋಡೆಯಿಂದ ಮೂರ್ನಾಲ್ಕು ಅಡಿ ಮುಂದೆ ಇಡಬೇಕು. ಎಲೆಕ್ಟ್ರೋಸ್ಟಾಟಿಕ್ ಆದ್ರೆ ಧೂಳನ್ನ ಎಳ್ಕೊಳ್ಳುತ್ತೆ, ತೇವಕ್ಕೆ ಹೆದರುತ್ತೆ. ಅಹಮದಾಬಾದಿನ ಧೂಳು, ಸೂರತ್ತಿನ ಮಳೆಗಾಲ ಎರಡನ್ನೂ ನೋಡಿದ ಮೇಲೆ ಹಳೇ ಕ್ವಾಡ್ ಸೆಕೆಂಡ್ ಹ್ಯಾಂಡ್ ಸಿಕ್ತು ಅಂತ ಯಾರಾದ್ರೂ ಖುಷಿಯಿಂದ ಹೇಳಿದ್ರೆ ನಾನು ಮೊದಲು ಕೇಳೋದು: ಎಸಿ ಎಷ್ಟು ಹೊತ್ತು ಹಾಕ್ತೀರಿ?

ಇಟಲಿಯ ಸೋನಸ್ ಫಾಬರ್ ಬಗ್ಗೆ ಒಂದು ಮಾತು. ಫ್ರಾಂಕೋ ಸೆರ್ಬ್ಲಿನ್ 1993ರಲ್ಲಿ ಮಾಡಿದ ಸ್ಪೀಕರ್‌ಗೆ ಪಿಟೀಲು ಮಾಡೋ ಗ್ವಾರ್ನೇರಿ ಮನೆತನದ ಹೆಸರಿಟ್ಟರು. ಆಕಾರವೂ ತಂತಿವಾದ್ಯದ ಬುರುಡೆಯಂತೆ. ಸ್ಪೀಕರೂ ಒಂದು ವಾದ್ಯ ಅನ್ನೋ ಭಾವ ಅದು. ಇದನ್ನ ನಾನು ತತ್ವವಾಗಿ ಒಪ್ಪಲ್ಲ. ತಂಬೂರಿಯ ಬುರುಡೆ ತನ್ನ ದನಿ ಸೇರಿಸಬೇಕು, ಅದಕ್ಕೇ ಅದು ಇರೋದು. ಸ್ಪೀಕರಿನ ಬುರುಡೆ ಸೇರಿಸಿದ್ರೆ ಒಂದು ತಂಬೂರಿಗೆ ಎರಡು ಬುರುಡೆ ಆಯ್ತು. ಆದ್ರೆ ಕೇಳಿದಾಗ ಚೆನ್ನಾಗಿತ್ತು, ಅದನ್ನೂ ಹೇಳಬೇಕಲ್ಲ.

ಈ ಚೆನ್ನಾಗಿತ್ತು ಅನ್ನೋ ಮಾತನ್ನೇ ಪ್ರಯೋಗಕ್ಕೆ ಹಾಕಿದವರು ಫ್ಲಾಯ್ಡ್ ಟೂಲ್. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಹರ್ಮನ್ ಕಂಪನಿಯಲ್ಲಿ (ಜೆಬಿಎಲ್, ರೆವೆಲ್ ಇವರದ್ದೇ) ಅವರು ಮತ್ತು ಶಾನ್ ಆಲಿವ್ ವರ್ಷಗಟ್ಟಲೆ ಮಾಡಿದ್ದು ಇಷ್ಟೇ: ಪರದೆಯ ಹಿಂದೆ ಸ್ಪೀಕರ್ ಇಟ್ಟು, ಯಾವ ಕಂಪನಿ ಅಂತ ಹೇಳದೆ, ಜನರಿಂದ ಅಂಕ ಹಾಕಿಸೋದು. ಜಾಗ ಬದಲಾದ್ರೆ ಶಬ್ದ ಬದಲಾಗುತ್ತೆ ಅಂತ, ಸ್ಪೀಕರ್‌ಗಳನ್ನ ಕೆಲವೇ ಸೆಕೆಂಡಲ್ಲಿ ಅದೇ ಜಾಗಕ್ಕೆ ತರೋ ಯಂತ್ರವನ್ನೂ ಕಟ್ಟಿದ್ರು. 1994ರಲ್ಲಿ ಆಲಿವ್ ಪ್ರಕಟಿಸಿದ ಪ್ರಯೋಗದಲ್ಲಿ, ಅದೇ ಜನ ಅದೇ ಸ್ಪೀಕರ್‌ಗೆ ಪರದೆ ತೆಗೆದಾಗ ಬೇರೆ ಅಂಕ ಕೊಟ್ಟರು. ಗಾತ್ರ, ಬೆಲೆ, ಹೆಸರು ಕಿವಿಯೊಳಗೆ ಹೋಗಿ ಕೂತಿದ್ವು. ನಾನು ಶೋರೂಮಿನಲ್ಲಿ ಮನಸೋತದ್ದು ಯಾವುದಕ್ಕೆ ಅಂತ ಆವತ್ತು ಓದಿದ ಮೇಲೆ ಅರ್ಥ ಆಯ್ತು.

ಪರದೆಯ ಹಿಂದೆ ಗೆದ್ದ ಸ್ಪೀಕರ್‌ಗಳಿಗೆ ಒಂದು ಸಾಮ್ಯ ಇತ್ತು. ಎದುರಿಗೆ ಬರೋ ಶಬ್ದ ಏರಿಳಿತ ಇಲ್ಲದೆ ಸಮ ಇತ್ತು, ಪಕ್ಕಕ್ಕೆ ಹೋಗೋ ಶಬ್ದವೂ ಅದೇ ಬಣ್ಣದ್ದಾಗಿತ್ತು. ಈ ಎರಡನೇದು ನಮಗೆ ಬಹಳ ಮುಖ್ಯ. ಯಾಕಂದ್ರೆ ಬರಿ ಗೋಡೆಯ ಹಾಲ್‌ನಲ್ಲಿ ನಮಗೆ ತಲುಪೋ ಶಬ್ದದಲ್ಲಿ ದೊಡ್ಡ ಪಾಲು ಗೋಡೆ, ನೆಲ, ಗಾಜಿಗೆ ಬಡಿದು ಬಂದದ್ದು. ಪಕ್ಕಕ್ಕೆ ಹೋದ ಶಬ್ದ ಕೆಟ್ಟದಾಗಿದ್ರೆ ಅದೇ ಕೆಟ್ಟದ್ದು ವಾಪಸ್ ಬರುತ್ತೆ. ವಿಜಯಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ಹೊಡೆದು ಬಂದವರು ನಾವೆಲ್ಲ, ಇದನ್ನ ಬೇರೆ ವಿವರಿಸಬೇಕಾಗಿಲ್ಲ. ಕೆಇಎಫ್ ಕಂಪನಿ 1988ರಲ್ಲಿ ತಂದ ಯೂನಿ-ಕ್ಯೂ ಇದಕ್ಕೇ ಒಂದು ಉತ್ತರ: ಟ್ವೀಟರನ್ನ ವೂಫರ್ ಕೋನಿನ ಹೊಕ್ಕುಳಲ್ಲೇ ಕೂರಿಸೋದು. ಶಕ್ತಿಯುತವಾದ ಸಣ್ಣ ನಿಯೋಡಿಮಿಯಂ ಅಯಸ್ಕಾಂತ ಬಂದ ಮೇಲೆಯೇ ಅದು ಸಾಧ್ಯ ಆದದ್ದು. ಆಗ ಮೇಲೆ, ಕೆಳಗೆ, ಪಕ್ಕಕ್ಕೆ ಎಲ್ಲೆಡೆ ಶಬ್ದ ಹೆಚ್ಚುಕಡಿಮೆ ಒಂದೇ ಥರ ಹರಡುತ್ತೆ.

ಅಮರ್ ಬೋಸ್ ಇದನ್ನ ತಲೆಕೆಳಗು ಮಾಡಿದ್ರು. ಅವರ ತಂದೆ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ, ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದವರು. ಕಚೇರಿ ಸಭಾಂಗಣದಲ್ಲಿ ನಾವು ಕೇಳೋದು ಬಹುಪಾಲು ಪ್ರತಿಫಲಿಸಿದ ಶಬ್ದ ತಾನೆ ಅಂತ ಹೇಳಿ, 1968ರ ಬೋಸ್ 901ರಲ್ಲಿ ಎಂಟು ಡ್ರೈವರನ್ನ ಗೋಡೆ ಕಡೆ ತಿರುಗಿಸಿ, ಒಂದನ್ನ ಮಾತ್ರ ನಮ್ಮ ಕಡೆ ಇಟ್ಟರು. ದೊಡ್ಡ ಕೋಣೆಯಲ್ಲಿ ಅದು ಮೋಜು. ನಮ್ಮ ಟೈಲ್ಸ್ ಹಾಲ್‌ನಲ್ಲಿ ಗಾಯಕರು ಎಲ್ಲಿ ಕೂತಿದ್ದಾರೆ ಅಂತ ಹುಡುಕಬೇಕಾಗುತ್ತೆ.

ಇನ್ನೊಂದು ಪಂಥ ಹಾರ್ನ್‌ನವರದ್ದು. ಪಾಲ್ ಕ್ಲಿಪ್ಶ್ 1946ರಲ್ಲಿ ಮಾರೋಕೆ ಶುರು ಮಾಡಿದ ಕ್ಲಿಪ್ಶ್‌ಹಾರ್ನ್ ಇವತ್ತೂ ತಯಾರಾಗ್ತಿದೆ. ಅದನ್ನ ಕೋಣೆಯ ಮೂಲೆಗೆ ಒತ್ತಿ ಇಡಬೇಕು, ಮೂಲೆಯ ಗೋಡೆಗಳೇ ಕಹಳೆಯ ಕೊನೇ ಭಾಗ ಆಗುತ್ತೆ. ಒಂದು ವಾಟ್ ಕೊಟ್ರೆ ಸುಮಾರು 105 ಡೆಸಿಬಲ್. ಆ ಬಿಬಿಸಿ ಡಬ್ಬಿ ಅದೇ ಒಂದು ವಾಟ್‌ಗೆ ಸುಮಾರು 83. ವ್ಯತ್ಯಾಸ 22 ಡೆಸಿಬಲ್, ಅಂದ್ರೆ ಅದೇ ಜೋರಿಗೆ ಸುಮಾರು 160 ಪಟ್ಟು ವಾಟ್ ಬೇಕು. ವಡೋದರದ ಗರ್ಬಾ ಮೈದಾನದಲ್ಲಿ ಸಾವಿರಾರು ಜನರ ತಲೆ ಮೇಲೆ ಬಾಳೆಗೊನೆ ಥರ ತೂಗುಬಿಟ್ಟಿರೋ ಸ್ಪೀಕರ್ ಸಾಲು ನೋಡಿರ್ತೀರಿ. ಅದೂ ಇದೇ ಯೋಚನೆಯ ವಂಶ: ಶಬ್ದವನ್ನ ಎಲ್ಲೆಡೆ ಚೆಲ್ಲದೆ ಬೇಕಾದ ಕಡೆಗೆ ಮಾತ್ರ ಕಳಿಸೋದು. ಮೂಲೆ ಅಂದ್ರೆ ನಮ್ಮ ಫ್ಲ್ಯಾಟಲ್ಲಿ ಒಂದು ಮೂಲೆಯಲ್ಲಿ ಬಾಗಿಲು, ಇನ್ನೊಂದರಲ್ಲಿ ದೇವರ ಮನೆ. ಕ್ಲಿಪ್ಶ್‌ಹಾರ್ನ್ ಕನಸು ಅಲ್ಲಿಗೇ ಮುಗೀತು.

ಕೇಬಲ್ ಬಗ್ಗೆ ಕೇಳಿದವರಿಗೆ: ಸಾಕಷ್ಟು ದಪ್ಪದ ತಾಮ್ರದ ವೈರ್. ಮುಂದೆ ಹೋಗೋಣ.

ಈಗ ಹಂಡೆ. ನಮ್ಮ ಹಾಲ್ ಉದ್ದ 5 ಮೀಟರ್. ಎದುರು ಬದುರು ಗೋಡೆಗಳ ನಡುವೆ ಶಬ್ದ ಹೋಗಿ ಬರುವಾಗ ಕೆಲವು ಆವರ್ತನಗಳು ತಮ್ಮನ್ನ ತಾವೇ ಉಬ್ಬಿಸ್ಕೊಳ್ಳುತ್ತವೆ. ಮೊದಲನೇದು ಸಿಗೋದು 346 ಭಾಗಿಸು 10, ಅಂದ್ರೆ 34.6 ಹರ್ಟ್ಜ್. ಅದರ ಎರಡರಷ್ಟು 69.2. ನಾಲ್ಕರಷ್ಟು 138.4. ಅಪ್ಪನ ಕ್ಯಾಸೆಟ್ಟಿನ ಷಡ್ಜವನ್ನ ಫೋನಿನ ಟ್ಯೂನರ್ ಆಪ್‌ನಲ್ಲಿ ನೋಡಿದೆ. ಕಾಳಿ ಒಂದು, 138.6 ಹರ್ಟ್ಜ್ ಆಸುಪಾಸು. ತಂಬೂರಿಯ ಖರಜ ಅದರ ಅರ್ಧ, 69.3. ಅಂದ್ರೆ ಗಾಯಕರು ಪ್ರತಿ ಸಲ ಷಡ್ಜಕ್ಕೆ ಬಂದು ನಿಂತಾಗಲೂ ನನ್ನ ಹಾಲ್ ಅವರ ಜೊತೆ ತಾನೂ ಷಡ್ಜ ಹಿಡೀತಾ ಇತ್ತು. ತಂಬೂರಿಯಲ್ಲಿ ಮೆಲ್ಲಗಿರಬೇಕಾದ ಖರಜದ ಮೂಲಸ್ವರವನ್ನ ಸ್ಪೀಕರಿನ ತೂತು, ಹಿಂದಿನ ಗೋಡೆ, ಕೋಣೆ ಮೂರೂ ಸೇರಿ ಎತ್ತುತ್ತಿದ್ವು. ಮೇಲಿಂದ, ನಮ್ಮ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಈ ಎಲ್ಲ ಉಬ್ಬುಗಳೂ ಗೋಡೆಯ ಹತ್ರವೇ ಅತಿ ಹೆಚ್ಚು. ಅಪ್ಪನನ್ನ ನಾನು ಕೂರಿಸಿದ್ದು ಸರಿಯಾಗಿ ಹಂಡೆಯ ತಳದಲ್ಲೇ.

ಇದಕ್ಕೆ ಪರದೆ ಹಾಕಿದ್ರೆ ಸರಿಹೋಗುತ್ತಾ? 69 ಹರ್ಟ್ಜ್ ಅಲೆ 5 ಮೀಟರ್ ಉದ್ದ. ಅದನ್ನ ಬಟ್ಟೆಯಿಂದ ಹೀರಬೇಕಂದ್ರೆ ಗೋಡೆಯಿಂದ ಮೀಟರ್‌ಗಿಂತ ಹೆಚ್ಚು ದಪ್ಪ ಬೇಕು. ಸೂರತ್ತಿನ ಅಷ್ಟೂ ಸೀರೆ ತಂದು ತೂಗಿದ್ರೂ ಬಗ್ಗಲ್ಲ. ಬಟ್ಟೆ ಕೆಲಸ ಮಾಡೋದು ಮೇಲಿನ ಸ್ವರಕ್ಕೆ, ಆ ಗಲಗಲ ಪ್ರತಿಧ್ವನಿಗೆ. ಅದಕ್ಕೆ ಅಮ್ಮ ಹೊಲಿದ ಎರಡು ಕೌದಿ ಇದ್ವು, ಇಲ್ಲಿ ಗೋದಡಿ ಅಂತಾರಲ್ಲ ಅದೇ. ಸ್ಪೀಕರ್ ಪಕ್ಕದ ಗೋಡೆಗಳಿಗೆ, ಹಿಂದೆ ನಾಲ್ಕು ಬೆರಳು ಸಂದು ಬಿಟ್ಟು ತೂಗುಹಾಕಿದೆ. ನೆಲಕ್ಕೊಂದು ದಪ್ಪ ಜಮಖಾನ. ಬೇಸಿಗೆ ಜಾಗ ಬದಲಾಯಿಸಬೇಕು. ಇಲ್ಲೂ ಎಲ್ಲಾ ಒಟ್ಟಿಗೆ ಸಿಗಲ್ಲ. ಉದ್ದದ ಕಾಲು ಭಾಗ, 1.25 ಮೀಟರ್, ಮುಂದೆ ಬಂದು ಕೂತ್ರೆ 69 ಮಾಯ, ಆದ್ರೆ 138 ಅಲ್ಲಿ ಮತ್ತೆ ಪೂರ್ತಿ ಜೋರು. ಎಂಟನೇ ಒಂದು ಭಾಗ, ಸುಮಾರು 62 ಸೆಂಟಿಮೀಟರ್ ಮುಂದೆ ಬಂದ್ರೆ 138 ಮಾಯ, 69 ಮಾತ್ರ 3 ಡೆಸಿಬಲ್ ಇಳಿಯುತ್ತೆ. ನಾನು ಎರಡನೇದು ಆರಿಸಿಕೊಂಡೆ. ಸೋಫಾ ಹಿಂದೆ ಬಟ್ಟೆ ಒಣಗಿಸೋ ಸ್ಟ್ಯಾಂಡಿಗೆ ಜಾಗ ಸಿಕ್ಕಿತು ಅಂತ ಮನೆಯಲ್ಲೂ ತಕರಾರು ಬರಲಿಲ್ಲ. ಉಳಿದ 69ನ್ನ ಅಳತೆಯ ಮೈಕ್, ರೂಮ್ ಇಕ್ಯೂ ವಿಝರ್ಡ್ ಅನ್ನೋ ಉಚಿತ ಸಾಫ್ಟ್‌ವೇರ್ ಇಟ್ಕೊಂಡು ಡಿಜಿಟಲ್ ಆಗಿ ಇಳಿಸಿದೆ. ಸ್ಪೀಕರಿನ ತೂತಿಗೆ ಫೋಮ್ ತುರುಕಿದೆ.

ಮುಂದಿನ ಚಳಿಗಾಲ ಅಪ್ಪ ಬಂದಾಗ ಏನೂ ಹೇಳದೆ ಅದೇ ಕ್ಯಾಸೆಟ್ ಹಾಕಿದೆ. ಈ ಸಲ ಅವರು ಎರಡು ನಿಮಿಷಕ್ಕೆ ನಿಲ್ಲಿಸಲಿಲ್ಲ. ಒಂದು ಬದಿ ಪೂರ್ತಿ ಕೇಳಿ, "ಆವತ್ತು ಹಾಡ ಮುಗಿದಿಂದ ಅವ್ವಾರು ಎಲ್ಲಾರಿಗೂ ಚುರುಮುರಿ ಕೊಟ್ಟಿದ್ರು" ಅಂದ್ರು. ಸ್ಪೀಕರ್ ಬಗ್ಗೆ ಏನೂ ಹೇಳಲಿಲ್ಲ. ನನಗೆ ಅಷ್ಟು ಸಾಕಿತ್ತು.

ಈಗ ನಿಮ್ಮ ಮೂರು ಊರಿಗೆ. ಅಹಮದಾಬಾದಿನ ಎಸ್‌ಜಿ ಹೈವೇ ಕಡೆಯ ಎತ್ತರದ ಫ್ಲ್ಯಾಟ್‌ನವರಿಗೆ ಪಕ್ಕದ ಮನೆಯ ಗೋಡೆಯೇ ಮಿತಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಆಫೀಸಿಂದ ಬಂದು ನಾವು ಕೇಳೋ ಹೊತ್ತೂ ಅದೇ. ಹಾಗಾಗಿ ಮೆಲ್ಲಗೆ ಕೇಳಿದ್ರೂ ದನಿ ತುಂಬಿ ಬರೋದು ಬೇಕು. ಬಿಬಿಸಿ ವಂಶದ ಮುಚ್ಚಿದ ಸಣ್ಣ ಪೆಟ್ಟಿಗೆ, ಇಲ್ಲಾ ಯೂನಿ-ಕ್ಯೂ ಥರದ್ದು ನೋಡಿ. ಆ ಪುಟ್ಟ ಡಬ್ಬಿಯನ್ನ ಊಹಿಸಿದ ವ್ಯಾನ್ ನಮ್ಮ ಹಾಲ್‌ಗಿಂತಲೂ ಚಿಕ್ಕದಿತ್ತು ಅನ್ನೋದು ಇಲ್ಲಿ ನಮ್ಮ ಪುಣ್ಯ. ವಡೋದರದಲ್ಲಿ ಟೆನಮೆಂಟ್ ಮನೆಯಲ್ಲಿರೋರಿಗೆ, ಅಂದ್ರೆ ಇಲ್ಲಿಯ ಮಾತಿನಲ್ಲಿ ಸಾಲು ಮನೆ, ಹಾಲ್ ಉದ್ದ ಇದ್ರೆ, ಸ್ಪೀಕರನ್ನ ಗೋಡೆಯಿಂದ ನಾಲ್ಕು ಅಡಿ ತರೋಕೆ ಬಿಡೋ ಸಂಸಾರ ಇದ್ರೆ, ಮ್ಯಾಗ್ನೆಪಾನ್ ಥರದ್ದು ಒಮ್ಮೆ ಕೇಳಿ. ಸೂರತ್ತಿನಲ್ಲಿ ಹಳೇ ಸ್ಪೀಕರ್ ಕೊಳ್ಳೋರು ಕೋನ್ ಸುತ್ತಲಿನ ಅಂಚು ಮುಟ್ಟಿ ನೋಡಿ. ರಬ್ಬರ್ ಆದ್ರೆ ಸರಿ. ಫೋಮ್ ಆದ್ರೆ ಸೆಖೆ, ತೇವಕ್ಕೆ ಪುಡಿಪುಡಿ ಆಗಿರುತ್ತೆ, ಅಥವಾ ಸದ್ಯದಲ್ಲೇ ಆಗುತ್ತೆ.

ಶೋರೂಮಿಗೆ ಹೋಗುವಾಗ ನಿಮಗೆ ಚೆನ್ನಾಗಿ ಗೊತ್ತಿರೋ ಒಬ್ಬ ಗಾಯಕರ ರೆಕಾರ್ಡಿಂಗ್ ತಗೊಂಡು ಹೋಗಿ, ಅವರು ಹಾಕೋ ಡೆಮೋ ಹಾಡು ಬೇಡ. ಮನೆಗೆ ತಂದು ಎರಡು ದಿನ ಕೇಳೋಕೆ ಕೊಡ್ತೀರಾ ಅಂತ ಕೇಳಿ. ಹೊರಡೋ ಮುಂಚೆ ಒಂದು ಟೇಪ್ ಹಿಡಿದು ಹಾಲ್ ಉದ್ದ, ಅಗಲ, ಎತ್ತರ ಅಳೆಯಿರಿ. 173ನ್ನ ಒಂದೊಂದು ಅಳತೆಯಿಂದ ಭಾಗಿಸಿ, ಬಂದದ್ದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಬರೆದಿಟ್ಟುಕೊಳ್ಳಿ. ಎರಡು ಅಳತೆಯಿಂದ ಒಂದೇ ಸಂಖ್ಯೆ ಬಂದ್ರೆ, ಕೆಳಗಿನ ಬೇಸ್ ಕಡಿಮೆ ಇರೋ ಸ್ಪೀಕರ್ ಕಡೆ ಒಲವು ತೋರಿಸಿ. ವೇಸುವಿನ ಗೆಳೆಯರೇ, ಮೂರು ಲಕ್ಷ ಅಂತ ಹೇಳಿದ್ರಿ. ನಿಮ್ಮ ಹಾಲ್ ಎಷ್ಟು ಮೀಟರ್ ಅಂತ ಇನ್ನೂ ಹೇಳಿಲ್ಲ.